ಹಳೆಯ ಲೆನ್ಸು, ನನ್ನ ಕಣ್ಣು

ಈಚಿನ ಕ್ಯಾಮೆರಾಗಳ ಹೊಟ್ಟೆಯೊಳಗೆ ಕನ್ನಡಿ ಇರುವುದಿಲ್ಲವಂತೆ. ಕನ್ನಡಿಯ ಮುಂದೆ ನಿಲ್ಲುವುದನ್ನು ಆದಷ್ಟೂ ಮುಂದೂಡುವ ನನ್ನ ವಯಸ್ಸಿನವರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇರೇನಿದ್ದೀತು ಎಂದುಕೊಂಡು ನಾನೂ ಅಂಥದೊಂದನ್ನು ಕೊಂಡೆ. ಆದರೆ ಅದೋ ಸಕಲಕಲಾಪ್ರವೀಣ. ಮುಖವನ್ನು ತಾನೇ ಹುಡುಕುತ್ತದೆ, ತಾನೇ ಸ್ಫುಟಗೊಳಿಸುತ್ತದೆ. ನಾನು ಗುಂಡಿ ಒತ್ತುವ ಗುಮಾಸ್ತ ಮಾತ್ರ. ಈ ಅವಮಾನವನ್ನು ಶ್ರೀರಂಗಪಟ್ಟಣದ ಗೆಳೆಯ ಅನ್ವರನ ಮುಂದೆ ತೋಡಿಕೊಂಡಾಗ, ಸ್ಟುಡಿಯೋ ಮುಚ್ಚಿ ಕೂತಿದ್ದ ಅವನು ಒಳಗಿನಿಂದ ರೀಲಿನ ಕಾಲದ ಲೆನ್ಸೊಂದನ್ನು ತಂದು, “ಮಡಿಕ್ಕೊಳ್ಲಾ, ನನ್ ತಾವ ಸುಮ್ಕೆ ಕುಂತದೆ” ಎಂದು ಕೈಗಿತ್ತ.

ಹಳೆಯ ಗಾಜಿಗೂ ಹೊಸ ಯಂತ್ರಕ್ಕೂ ನಡುವೆ ಅಡಾಪ್ಟರ್ ಎಂಬ ಬಳೆಯೊಂದನ್ನು ತೊಡಿಸಿದರೆ ಸಂಬಂಧ ಕುದುರುತ್ತದೆ. ಆಮೇಲೆ ಯಂತ್ರದ ಜಾಣತನ ನಡೆಯುವುದಿಲ್ಲ. ಲೆನ್ಸಿನ ಉಂಗುರವನ್ನು ಕೈಯಿಂದ ತಿರುಗಿಸುತ್ತ, ಬಿಂಬ ತಿಳಿಯಾಯಿತೇ ಎಂದು ನಮ್ಮ ಕಣ್ಣೇ ತೀರ್ಮಾನಿಸಬೇಕು. ನಾನು ತೀರ್ಮಾನಿಸಿದೆ. ಹಿತ್ತಿಲಲ್ಲಿ ಕೂರಿಸಿ ತೆಗೆದ ತನ್ನ ಚಿತ್ರವನ್ನು ನೋಡಿ ನನ್ನ ಹೆಂಡತಿ ಗಿರಿಜೆ, “ಇದೇನ್ರೀ, ನನ್ನ ಒಲೆ ಹೊಗೆಯೊಳಗೆ ಕೂರಿಸಿದ್ದೀರಾ?” ಅಂದಳು. ಮತ್ತೆ ತೆಗೆದೆ. ಮತ್ತೂ ಹೊಗೆ. ದೇವರ ಮನೆಯ ದೀಪಕ್ಕೆ ಹಿಡಿದರೆ ಜ್ವಾಲೆಯ ಸುತ್ತ ಬಿಳಿಯ ಪ್ರಭಾವಳಿ. ಹಳೆಯ ಲೆನ್ಸುಗಳ ಗುಣಗಾನವನ್ನು ಲೋಕವೆಲ್ಲ ಮಾಡುತ್ತಿರುವಾಗ ದೋಷ ಅದರದಾಗಿರಲಾರದು. ಕ್ಯಾಮೆರಾ ಹೊಚ್ಚ ಹೊಸದು. ಉಳಿದವನು ನಾನೊಬ್ಬನೇ.

ಇಲ್ಲಿಗೆ ನನ್ನ ನಗು ನಿಂತುಹೋಯಿತು. ನಾಗಮಂಗಲದಲ್ಲಿ ಚಿನ್ನದ ಕೆಲಸ ಮಾಡುತ್ತಿದ್ದ ನಮ್ಮಪ್ಪನಿಗೆ ನನ್ನ ಈಗಿನ ವಯಸ್ಸಿನಲ್ಲೇ ದೀಪದ ಸುತ್ತ ಬಳೆ ಕಾಣತೊಡಗಿತ್ತು. ಪೊರೆಯಿರಬೇಕು, ಬಲಿತ ಮೇಲೆ ತೆಗೆಸಿದರಾಯಿತು ಎಂದು ಅವರು ಕಾದರು. ಕಾದದ್ದೇ ತಪ್ಪಾಯಿತು, ಅದು ಪೊರೆಯಲ್ಲ, ಕಣ್ಣಿನ ಒತ್ತಡ, ನರ ಅಷ್ಟರಲ್ಲಿ ಒಣಗಿತ್ತು. ಸಾಸಿವೆಯಂಥ ಗುಂಡುಗಳನ್ನು ಬೆಸೆಯುತ್ತಿದ್ದ ಮನುಷ್ಯ ಕೊನೆಗೆ ಅನ್ನದ ತಟ್ಟೆಯನ್ನೂ ತಡವಿ ಹುಡುಕಿದರು. ಹಾಗಾಗಿ ನಾನು, “ಪೊರೆಯೋ ತಂದೆ” ಎಂದು ದೇವರನ್ನು ಬೇಡುವಾಗಲೂ, ಇದು ಬರೀ ಪೊರೆಯಾಗಿದ್ದರೆ ಸಾಕು ಎಂದೇ ಬೇಡುತ್ತಿದ್ದೆ.

ಗಿರಿಜೆಗೆ ಹೇಳಲು ಧೈರ್ಯ ಬರಲಿಲ್ಲ. ತೊಣ್ಣೂರು ಕೆರೆಯ ಚಿತ್ರ ತೆಗೆದು ಬರುತ್ತೇನೆಂದು ಕ್ಯಾಮೆರಾ ಹೆಗಲಿಗೇರಿಸಿ ಹೊರಟವನು, ಪಾಂಡವಪುರದಲ್ಲಿಳಿದು ನೇರ ಕಣ್ಣಿನ ಡಾಕ್ಟರ ಬಳಿ ಹೋದೆ. ಆಕೆ ನನ್ನ ಗಲ್ಲವನ್ನು ಯಂತ್ರದ ಮೇಲೆ ಇರಿಸಿ, ಬೆಳಕು ಬಿಟ್ಟು, ಒತ್ತಡ ಅಳೆದು, ಚೀಟಿಯಲ್ಲಿ ಏನೇನೋ ಬರೆದುಕೊಂಡರು. ಅವರು ಬರೆಯುತ್ತಿದ್ದಷ್ಟು ಹೊತ್ತೂ ನಾನು ನೋಡದೆ ಬಿಟ್ಟದ್ದೆಲ್ಲ ನನಗೆ ನೆನಪಾಯಿತು.

“ಪೊರೆ ಇಲ್ಲ, ಒತ್ತಡ ಸರಿಯಾಗಿದೆ, ನರ ಚೆನ್ನಾಗಿದೆ” ಎಂದರು.

“ಮತ್ತೆ ದೀಪದ ಸುತ್ತ ಬಳೆ?”

“ಬರಿಗಣ್ಣಿಗೆ ಕಾಣ್ಸುತ್ತಾ?”

ಯೋಚಿಸಿದೆ. ನಾಚಿಕೆಯಾಯಿತು. “ಇಲ್ಲ. ಕ್ಯಾಮೆರಾದಲ್ಲಿ.”

“ಕೊಡಿ ಅದನ್ನ” ಎಂದು ಲೆನ್ಸನ್ನು ಬಿಚ್ಚಿಸಿಕೊಂಡು ಅದರ ಹಿಂದಿನಿಂದ ಟಾರ್ಚು ಬಿಟ್ಟರು. ಒಳಗಿನ ಗಾಜಿನ ಮೇಲೆ ಹಾಲಿನ ಕೆನೆಯಂತೆ ಒಂದು ಪದರ ಕಟ್ಟಿತ್ತು. “ಪೊರೆ ಬಂದಿರೋದು ಇದಕ್ಕೆ ಸಾರ್. ಆಪರೇಷನ್ ಇದಕ್ಕೇ ಮಾಡಿಸಿ.”

ಹೊರಗೆ ಬಂದು ಜಗಲಿಯ ಮೇಲೆ ಕೂತೆ. ಕನ್ನಡಕ ತೆಗೆದು ಒರೆಸಿದೆ, ಒರೆಸಬೇಕಾಗಿದ್ದದ್ದು ಕನ್ನಡಕವನ್ನಲ್ಲ. ಗಿರಿಜೆಗೆ ಫೋನು ಮಾಡಿ ಎಲ್ಲ ಹೇಳಿದೆ. “ಗೊತ್ತಿತ್ತು ಬಿಡಿ” ಅಂದಳು. “ಬ್ಯಾಟರೀನ ಇಲ್ಲೇ ಚಾರ್ಜಿಗೆ ಬಿಟ್ಟು ಯಾವ ಕೆರೆ ಫೋಟೋ ತೆಗೆಯೋಕೆ ಹೋಗ್ತಾರೆ? ಮಾವನೋರ ಕಣ್ಣಿನ ಕತೆ ನಂಗೆ ಗೊತ್ತಿಲ್ವಾ? ನೀವಾಗೇ ಹೇಳ್ಲಿ ಅಂತ ಕಾಯ್ತಾ ಇದ್ದೆ.” ಆಮೇಲೆ ಮೂಗು ಏರಿಸಿದ ಸದ್ದು ಕೇಳಿಸಿತು. ಬೆಳಗಿನಿಂದ ಅವಳೂ ಒಬ್ಬಳೇ ಹೆದರಿಕೊಂಡು ಕೂತಿದ್ದಳು.

ಬಸ್ ನಿಲ್ದಾಣಕ್ಕೆ ಬಂದರೆ ಎಲ್ಲವೂ ಈಗಷ್ಟೇ ತೊಳೆದಿಟ್ಟಂತೆ ಕಂಡಿತು. ಪಕ್ಕದಲ್ಲಿ ಚೀಲ ಹಿಡಿದು ನಿಂತಿದ್ದ ಮುದುಕಿಯೊಬ್ಬಳು ತಿರುಗಿ, “ಮಗ, ಅಗಾ ಆ ಬಸ್ಸು ಎಲ್ಲಿಗೋಯ್ತದೆ ನೋಡೇಳಪ್ಪ, ನಂಗೆ ಬೋಲ್ಡು ಕಾಣಾಕಿಲ್ಲ” ಅಂದಳು. ಅಂಥ ಪ್ರಶ್ನೆಗೆ ನನ್ನಷ್ಟು ಸಿದ್ಧನಾಗಿದ್ದವನು ಆ ದಿನ ಇಡೀ ಪಾಂಡವಪುರದಲ್ಲಿ ಇನ್ನೊಬ್ಬನಿರಲಿಲ್ಲ. ಬೋರ್ಡಿನಲ್ಲಿದ್ದ “ಕೆ.ಆರ್. ಪೇಟೆ” ಎಂಬುದನ್ನು ಓದಿದೆ. ಅದರ ಕೆಳಗಿನ ಸಣ್ಣಕ್ಷರದ “ಬೂಕನಕೆರೆ ಮಾರ್ಗ” ಎಂಬುದನ್ನೂ ಓದಿದೆ. ಗಾಜಿನ ಮೇಲಿನ “ಶ್ರೀ ಆಂಜನೇಯ ಪ್ರಸನ್ನ”, ಬಾಗಿಲ ಬಳಿಯ “ಚಿಲ್ಲರೆ ಕೊಟ್ಟು ಸಹಕರಿಸಿ”, ಒಂದನ್ನೂ ಬಿಡದೆ, ಗಟ್ಟಿಯಾಗಿ, ಓದುತ್ತಲೇ ಇದ್ದೆ.

“ಸಾಕು ಬುಡಪ್ಪ!” ಎಂದು ಅವಳು ನನ್ನ ಕೈಗೆ ಚೀಲ ತುರುಕಿದಳು. “ಓದಿದ್ದಾಯ್ತಲ್ಲ, ಓಡು! ನನ್ ಬಸ್ಸು ಒಂಟೋಯ್ತಾ ಅದೆ!”

ನಾನು ನಗುತ್ತಲೇ ಓಡಿದೆ.