ಮೀನಿನ ಬಾಲದ ಸಿಂಹ

“ಮೈಮೇಲೆ ಲೋಹ ಏನಿದ್ರೂ ತೆಗೆದಿಡಿ ಸರ್, ಇಲ್ಲಾಂದ್ರೆ ಸ್ಕ್ಯಾನ್ ಮಾಡೋಕಾಗಲ್ಲ” ಎಂದು ನಾನು ಮೂರನೇ ಸಲ ಹೇಳಿದರೂ ಆ ಫಿಲಿಪಿನೋ ಅಜ್ಜ ಎದೆಯ ಮೇಲಿನ ಬಿಲ್ಲೆಯನ್ನು ಬಿಗಿಯಾಗಿ ಹಿಡಿದೇ ಇದ್ದರು. ಬ್ರಿಟನ್ನಿನ ಸಟನ್ ಬಳಿಯ ಆಸ್ಪತ್ರೆಯೊಂದರಲ್ಲಿ ಎಂಆರ್‌ಐ ಮಾಡುವುದು ನನ್ನ ಕೆಲಸ. ಸರದಿ ತಪ್ಪಿದರೆ ಅವರು ಮತ್ತೆ ವಾರಗಟ್ಟಲೆ ಕಾಯಬೇಕಿತ್ತು. ಪುಸಲಾಯಿಸಲೆಂದು ಅದೇನೆಂದು ಕೇಳಿದೆ. ಕೆಂಪು ಗುರಾಣಿಯ ಮೇಲೆ ಮೀನಿನ ಬಾಲವಿರುವ ಸಿಂಹ. ಅಮೆರಿಕನ್ನರು ಫಿಲಿಪೀನ್ಸ್ ಆಳುತ್ತಿದ್ದಾಗ ಅವರ ತಂದೆ ಇದ್ದ ಫಿರಂಗಿ ರೆಜಿಮೆಂಟಿನ ಲಾಂಛನವಂತೆ.

“ಸಿಂಹ ನಮ್ಮನ್ನ ಮೊದಲು ಆಳಿದ ಸ್ಪೇನಿನವರು ಕೊಟ್ಟಿದ್ದು, ಫಿರಂಗಿ ಅಮೆರಿಕದವರದ್ದು. ಸಾಯೋದು ಮಾತ್ರ ನಮ್ಮ ಪಾಲಿಗೆ” ಎಂದು ನಕ್ಕು, ಬಿಲ್ಲೆ ಬಿಚ್ಚಿ ನನ್ನ ಕೈಗಿತ್ತರು. “ನೀವು ಇಂಡಿಯಾದವರಲ್ವಾ? ನಿಮಗೆ ಅರ್ಥವಾಗುತ್ತೆ, ಇಟ್ಕೊಂಡಿರಿ.” ಸ್ಕ್ಯಾನ್ ಮುಗಿಯುವವರೆಗೂ ಗಾಜಿನ ಈಚೆ ಕುಳಿತು ಅದನ್ನು ಮುಷ್ಟಿಯಲ್ಲೇ ಹಿಡಿದಿದ್ದೆ.

ನಮ್ಮ ಫ್ಲ್ಯಾಟಿನ ಗೋಡೆಯ ಮೇಲೆ ಬ್ರಿಟಿಷ್ ಸೇನೆ ನನ್ನ ಮುತ್ತಜ್ಜನಿಗೆ ಕೊಟ್ಟ ಪದಕವೊಂದಿದೆ. ಅದರ ಮೇಲಿರುವ ದೊರೆಯ ಮುಖವನ್ನು ಬಂದವರಿಗೆಲ್ಲ ಹೆಮ್ಮೆಯಿಂದ ತೋರಿಸುತ್ತಿದ್ದೆ. ಆ ಸಂಜೆ ಮೊದಲ ಬಾರಿಗೆ ಪದಕವನ್ನು ಚೌಕಟ್ಟಿನಿಂದ ಬಿಡಿಸಿ, ಅಂಚಿನಲ್ಲಿ ಕೊರೆದಿದ್ದ ಮುತ್ತಜ್ಜನ ಹೆಸರನ್ನು ಓದಿದೆ. ಅದನ್ನು ತಪ್ಪಾಗಿ ಬರೆದಿದ್ದರು.