ಶುಕ್ರವಾರದ ಶೇವಿಂಗ್

ಅವರ ಗಲ್ಲದ ಮೇಲೆ ಸದಾ ಬ್ಲೇಡಿನ ಗೀರು ಇರುತ್ತಿತ್ತು. ಒಂದು ಒಣಗುವಷ್ಟರಲ್ಲಿ ಇನ್ನೊಂದು. ದೋಹಾದ ಅಲ್ ಹಿಲಾಲಿನಲ್ಲಿ ನಮ್ಮ ಕೆಳಗಿನ ಮನೆಯಲ್ಲಿದ್ದು, ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದ ಆ ಒಂಟಿ ಮನುಷ್ಯನನ್ನು ನಾನೂ ನನ್ನ ಗಂಡನೂ ಮಾಮ ಎನ್ನುತ್ತಿದ್ದೆವು. ಕೂತಲ್ಲಿ ಕೂರುವವರಲ್ಲ. ಚಹಾ ಅರ್ಧ ಕುಡಿದು ಕಿಟಕಿಗೆ ಹೋಗುವರು. ಬಂದು ಕೂತರೆ ಮೊಣಕಾಲು ಕುಣಿಯುವುದು, ಟೀಪಾಯಿಯ ಮೇಲಿನ ಲೋಟವೂ ಜೊತೆಗೆ ಗಲಗಲ. ಗಡ್ಡವೇ ಸರಿಯಾಗಿ ಬಾರದ ಮುಖಕ್ಕೆ ಪ್ರತಿ ಶುಕ್ರವಾರ ಹೊಸ ಹೊಸ ಸೆಲೂನು ಹುಡುಕುವುದೇಕೆಂದು ನನಗೆ ತಲೆಬುಡ ತಿಳಿದಿರಲಿಲ್ಲ.

ಊರಿನಲ್ಲಿ, ಶಾಲೆಯ ದಿನಗಳಲ್ಲಿ ನನಗೆ ಕೊಲೆ ಕಾಮಿಕ್ಸಿನ ಹುಚ್ಚು. ಕೋರ್ಟಿಗೆ ಬಂದ ನಿಜವಾದ ಕೇಸುಗಳನ್ನು ಚಿತ್ರಗಳಲ್ಲಿ ಹೇಳುವ, ಕಳಪೆ ಕಾಗದದ ತೆಳು ಪುಸ್ತಕಗಳು. ಸಮಾಜ ಪುಸ್ತಕದೊಳಗೆ ಅಡಗಿಸಿ ಓದುವುದು, ಮಲಗುವಾಗ ಹೆದರಿ ಅಮ್ಮನ ಪಕ್ಕ ಸೇರುವುದು. ಊರಿನಿಂದ ತಂದಿದ್ದ ಒಂದು ಹಳೆಯ ಪ್ರತಿಯನ್ನು ಟೀಪಾಯಿಯ ಮೇಲೆ ಕಂಡ ದಿನ ಮಾಮನ ಮೊಣಕಾಲು ಇನ್ನೂ ಜೋರಾಯಿತು.

"ಇದರ ಚಿತ್ರ ನಂದೇ ಮಾರಾಯ್ತಿ," ಎಂದರು.

ನಾನು ಹಿಗ್ಗಿದೆ. ಅವರು ಹಿಗ್ಗಲಿಲ್ಲ.

ಮಂಗಳೂರಿನ ಪ್ರೆಸ್ಸೊಂದರ ಅಟ್ಟದಲ್ಲಿ ಇಬ್ಬರೇ ಸೇರಿ ಪುಸ್ತಕ ಮಾಡುತ್ತಿದ್ದರಂತೆ. ಒಬ್ಬರು ಕೋರ್ಟಿನಲ್ಲಿ ಕೂತು ಕೇಸು ಬರೆದು ತರುವುದು, ಚಿತ್ರಕ್ಕೆ ಮಾಮ. ಕತ್ತಿಯಿಂದ ಬಾಗಿಲಿನ ಚಿಲಕದವರೆಗೆ ಎಲ್ಲವೂ ನಿಜದಂತಿರಬೇಕು. ಕೊಲೆಗಾರನ ಫೋಟೋ ಮಾತ್ರ ಎಲ್ಲೂ ಸಿಗುತ್ತಿರಲಿಲ್ಲ. ಒಮ್ಮೆ ಅವಸರದಲ್ಲಿ, ಎದುರಿನ ಸೆಲೂನಿನ ಗೆಳೆಯನ ಮುಖವನ್ನೇ ಕೊಲೆಗಾರನಿಗೆ ಇಟ್ಟುಬಿಟ್ಟರು, ದಪ್ಪ ಹುಬ್ಬು, ಹರಿದ ಕಿವಿ ಸಮೇತ.

"ಗಮ್ಮತ್ತಿಗೆ ಬರೆದದ್ದು. ಮೊದಲು ಅವನೂ ನೆಗಾಡಿದ. ಮತ್ತೆ ಜನ, ಈ ಕೈಗೆ ಕುತ್ತಿಗೆ ಕೊಡುದು ಹೇಗೆ ಅಂತ ತಮಾಷೆ ಮಾಡ್ಲಿಕ್ಕೆ ಶುರು ಮಾಡಿದ್ರು. ತಮಾಷೆಯಲ್ಲೇ ಅಂಗಡಿ ಖಲಾಸ್. ಅವನು ಕತಾರಿಗೆ ಹೋದ ಅಂತ ಕೇಳಿದೆ."

ಆ ಗೆಳೆಯನನ್ನು ಹುಡುಕುತ್ತ ಹಿಂದೆಯೇ ಇವರೂ ಬಂದಿದ್ದರು. ಮತ್ತೆ ಮನುಷ್ಯರ ಮುಖ ಬರೆಯಲಿಲ್ಲ. ಸೆಲೂನಿನ ಬೋರ್ಡಿಗೂ ಬರೀ ಕತ್ತರಿ, ಬಾಚಣಿಗೆ.

"ಹೊರಗಿಂದ ವಿಚಾರಿಸಿದ್ರೆ ಸಾಲದಾ ಮಾಮ?" ಎಂದೆ.

"ನಾನು ಅಂತ ಗೊತ್ತಾದ್ರೆ ಅವನು ಒಳಗೇ ಕೂತು ಇಲ್ಲ ಅಂತ ಹೇಳಿಸಿದ್ರೆ? ಕುರ್ಚಿಯಲ್ಲಿ ಕೂತರೆ ಕನ್ನಡಿಯಲ್ಲಿ ಎಲ್ಲರ ಮುಖ ಕಾಣ್ತದೆ."

ಅಲ್ ಮುಂತಜಾ ಬಡಾವಣೆಯ ಸೆಲೂನುಗಳೆಲ್ಲ ಮುಗಿದಿದ್ದವು. ಈ ಹುಡುಕಾಟ ನೋಡಿ ನನಗೆ ಕನಿಕರಕ್ಕಿಂತ ಸಿಟ್ಟೇ ಬರುತ್ತಿತ್ತು.

ಸಿಕ್ಕಿದ್ದು ನನಗೆ. ಗಂಡನ ಜೊತೆ ಕತಾರಿನ ಉತ್ತರ ತುದಿಯ ಅಲ್ ಶಮಾಲಿನ ಸಮುದ್ರ ನೋಡಲು ಹೋದಾಗ, ಕಿರಾಣಿ ಅಂಗಡಿಯ ಪಕ್ಕದ ಸೆಲೂನಿನ ಬಾಗಿಲಲ್ಲಿ ಒಬ್ಬರು ಟವೆಲು ಕೊಡವುತ್ತಿದ್ದರು. ಹರಿದ ಕಿವಿ, ನರೆತರೂ ಅದೇ ಹುಬ್ಬು. ಬಾಲ್ಯದಲ್ಲಿ ನಾನು ಹೆದರಿದ್ದು ಆ ಮುಖಕ್ಕೇ.

ಮುಂದಿನ ಶುಕ್ರವಾರ ಮಾಮನನ್ನು ಕರೆದುಕೊಂಡು ಹೋದೆವು. ದಾರಿಯಲ್ಲಿ, "ವಾಪಸ್ ಹೋಗುವ," ಎಂದು ಗೋಗರೆದರು. ನನ್ನ ಗಂಡ ಕೇಳಿಸದವರಂತೆ ಕಾರು ಓಡಿಸಿದರು.

ಸೆಲೂನಿನವರು ಕನ್ನಡಿಯಲ್ಲೇ ನೋಡಿದರು. ಬಟ್ಟೆ ಕೊಡವಿ ಕುರ್ಚಿ ತೋರಿಸಿದರು.

"ಗೊತ್ತಾಯ್ತಾ ನಾನು?" ಎಂದರು ಮಾಮ.

"ಗೊತ್ತಾಯ್ತು. ಗಲ್ಲ ಎತ್ತು."

ಮಾಮ ಕುತ್ತಿಗೆ ಕೊಟ್ಟು ಕೂತರು. ನೊರೆ ಹಚ್ಚಿ, ಕತ್ತಿ ಅರ್ಧ ದಾರಿ ಬಂದಾಗ ಸೆಲೂನಿನವರು ಮೆಲ್ಲಗೆ ಹೇಳಿದರು: "ಅಂಗಡಿ ಹೋದದ್ದು ಹೋಗ್ಲಿ. ಆ ಪುಸ್ತಕ ನೋಡಿ ನನ್ನ ಮಗಳು ನನ್ನ ಹತ್ತಿರ ಬರ್ತಿರ್ಲಿಲ್ಲ. ಮಡಿಲಿಗೆ ತಕ್ಕೊಂಡ್ರೆ ಕಿರುಚ್ತಿತ್ತು."

ಮಾಮನ ಕಣ್ಣೀರು ನೊರೆಯೊಳಗೆ ಇಳಿಯಿತು.

"ಅಳ್ಬೇಡ. ಕೈ ತಪ್ತದೆ."

ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ. ಆದರೆ ಮಾಮನ ಮೊಣಕಾಲು ಅಲುಗದೆ ಇದ್ದದ್ದನ್ನು ನಾನು ಕಂಡದ್ದು ಅದೇ ಮೊದಲು.

ಮರುವರ್ಷ ಮಾಮ ಆಸ್ಪತ್ರೆ ಸೇರಿದರು, ಹೃದಯದ ಕಾಯಿಲೆ. ಶಮಾಲಿನಿಂದ ಆ ಗೆಳೆಯ ಶುಕ್ರವಾರಗಳಂದು ಸಿಕ್ಕಿದ ಗಾಡಿ ಹತ್ತಿ, ಸಾಮಾನಿನ ಚೀಲದೊಂದಿಗೆ ಬರುತ್ತಿದ್ದರು. ಬಂದವರೇ ಮಾಮನ ಗಲ್ಲಕ್ಕೆ ನೊರೆ ಹಚ್ಚುತ್ತಿದ್ದರು. ಹಾಗೊಂದು ಶುಕ್ರವಾರವೇ ಮಾಮ ಹೋದದ್ದು. ನಾನು ತಲುಪುವಾಗ ಗೆಳೆಯ ನೊರೆಯ ಬಟ್ಟಲು ತೊಳೆದಿಡುತ್ತಿದ್ದರು. ಮಾಮನ ಗಲ್ಲದಲ್ಲಿ ಒಂದು ಗೀರೂ ಇರಲಿಲ್ಲ.