ಪಾಲಿಶ್ ಮೇಸ್ತ್ರಿಯ ಚಮಚ

ನಮ್ಮಣ್ಣನಿಗೆ ಫೌಂಡ್ರಿಯಲ್ಲಿ ಪಾಲಿಶ್ ಮೇಸ್ತ್ರಿ ಎಂದೇ ಹೆಸರು. ಎರಕ ಹೊಯ್ಯುವ ಮೊದಲು ಮರದಲ್ಲಿ ಮಾದರಿ ಮಾಡಿಕೊಡುವುದು ಅವನ ಕೆಲಸ. ಆ ಮಾದರಿಯನ್ನು ಮರಳಿನಲ್ಲಿ ಒತ್ತಿ, ಮೆಲ್ಲಗೆ ಮೇಲೆತ್ತಿ, ಉಳಿದ ಗುಳಿಯೊಳಗೆ ಕರಗಿದ ಕಬ್ಬಿಣ ಸುರಿಯುತ್ತಾರೆ. ಎತ್ತುವಾಗ ಅದು ಮರಳನ್ನು ಕಚ್ಚಿಕೊಂಡರೆ ಅಚ್ಚು ಕೆಟ್ಟಿತೆಂದೇ ಲೆಕ್ಕ. ಅದಕ್ಕೇ ಅಣ್ಣ ಪ್ರತಿ ಮಾದರಿಗೂ ಮೇಲೆ ದಪ್ಪ, ಕೆಳಗೆ ಸಣ್ಣ ಬರುವಂತೆ ಸ್ವಲ್ಪ ಇಳಿಜಾರು ಕೊಟ್ಟು, ಕನ್ನಡಿಯ ಹಾಗೆ ಉಜ್ಜುತ್ತಿದ್ದ. ಉಜ್ಜದೆ ಬಿಟ್ಟದ್ದು ಅವನ ತಲೆಯೊಂದೇ. ಅದು ತಾನಾಗಿಯೇ ನುಣ್ಣಗಾಗಿತ್ತು.

ನನ್ನ ಅಡುಗೆಗೆ ಹೆಸರಿಟ್ಟು ಬೈಯದೆ ಅಮ್ಮ ಒಂದು ತುತ್ತೂ ಉಂಡವಳಲ್ಲ. ಕೀಲುನೋವಿಗೆ ಎರಡೂ ಕೈಯ ಬೆರಳು ಬಿಗಿದು ಚಮಚ ಹಿಡಿಯಲಾಗದೆ ಹೋದಾಗ ಆ ಬೈಗುಳವೂ ನಿಂತಿತು. ನಾನು ತಿನ್ನಿಸಹೋದರೆ ಎರಡು ತುತ್ತಿಗೆ ಮುಖ ತಿರುಗಿಸುತ್ತಿದ್ದಳು. ದಿನದಿನಕ್ಕೆ ಕಡ್ಡಿಯಾದಳು. ಹೀಗೇ ಆದರೆ ಅಮ್ಮ ನಮಗೆ ಉಳಿಯುವುದಿಲ್ಲವೆಂದು ನನಗೆ ದಿಗಿಲಾಯಿತು.

ಒಂದು ದಿನ ಅಣ್ಣ ಜೇಡಿಮಣ್ಣಿನ ಉಂಡೆ ತಂದ.

"ಅಮ್ಮ, ಇದನ್ನ ಒಂದ್ಸಲ ಹಿಡ್ಕೋ, ಆದಷ್ಟು ಗಟ್ಟಿಯಾಗಿ."

"ಮಣ್ಣಾಟ ಆಡೋ ವಯಸ್ಸೇನೋ ನಂದು?" ಎಂದಳು. ಆದರೂ ಹಿಡಿದಳು.

ಆ ಮುದ್ದೆಯ ಅಳತೆಗೆ ಅಣ್ಣ ಹಗುರ ಮರದಲ್ಲಿ ಹಿಡಿ ಮಾಡಿದ, ನೀರು ಕುಡಿಯದಂತೆ ಎಣ್ಣೆ ಹಚ್ಚಿ ಚಮಚಕ್ಕೆ ಕೂಡಿಸಿದ. ಫಳಫಳ ಹೊಳೆಯುತ್ತಿತ್ತು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಎಂದು ನಾನು ಛೇಡಿಸಿದೆ.

ಚಮಚ ಗಂಜಿಯ ಬಟ್ಟಲಿನಿಂದ ಅರ್ಧ ಮೇಲೆದ್ದಿತು. ಅಮ್ಮನ ಮುಷ್ಟಿಯಿಂದ ಜಾರಿ ಮಡಿಲಿಗೇ ಬಿತ್ತು.

"ಸಾಕು ಬಿಡೋ, ನನ್ನಿಂದಾಗಲ್ಲ," ಎಂದಳು. ಅಂಥ ಮಾತು ಅವಳ ಬಾಯಲ್ಲಿ ನಾವು ಕೇಳಿದ್ದೇ ಇರಲಿಲ್ಲ.

ಅಣ್ಣ ಚಮಚ ಎತ್ತಿಕೊಂಡು, ತನ್ನ ಮುಷ್ಟಿಯೊಳಗಿಟ್ಟು, ಇನ್ನೊಂದು ಕೈಯಿಂದ ಎಳೆದು ನೋಡಿದ. ಸಲೀಸಾಗಿ ಬಂದುಬಿಟ್ಟಿತು. ಹಣೆ ಚಚ್ಚಿಕೊಂಡ.

"ಥೂ, ನನ್ನ ಬುದ್ಧಿಗಿಷ್ಟು! ಮರಳಿಂದ ಬಿಟ್ಟು ಬರೋ ಹಾಗೆ ಮಾಡಿದ್ದೀನಿ ಕಣೇ. ಇದು ಕೈಯಲ್ಲಿ ಕಚ್ಕೊಂಡು ಕೂರ್ಬೇಕಿತ್ತು."

ಎರಡನೆಯ ಹಿಡಿಗೆ ಇಳಿಜಾರು ತಿರುವುಮುರುವಾಯಿತು: ತುದಿಯಲ್ಲಿ ದಪ್ಪ, ಚಮಚದ ಕಡೆ ಸಣ್ಣ. ಮಣ್ಣಿನಲ್ಲಿ ಅಮ್ಮನ ಬೆರಳು ಒತ್ತಿದ ಕಡೆಯೆಲ್ಲ ಹಿಡಿಯಲ್ಲೂ ತಗ್ಗು. ಮೈಮೇಲೆ ಅರದ ಗೀರುಗಳನ್ನು ಹಾಗೇ ಬಿಟ್ಟ. ಬಿಡುವುದೇ ಅವನಿಗೆ ಕಷ್ಟ. ಹುಟ್ಟುಗುಣ ಸುಟ್ಟರೂ ಹೋಗದಲ್ಲ, ಕೈ ಮತ್ತೆ ಮತ್ತೆ ಮರ ಉಜ್ಜುವ ಉಪ್ಪುಕಾಗದದ ಕಡೆಗೇ ಹೋಗುತ್ತಿತ್ತು. ಕೊನೆಗೆ ನಾನೇ ಅದನ್ನು ಬಚ್ಚಿಟ್ಟೆ.

ಮರುದಿನ ಬೆಳಿಗ್ಗೆ ಅಮ್ಮ ಅದನ್ನು ಹಿಡಿದಳು. ಮೇಲೆತ್ತಿದಳು, ಚಮಚ ಜಾರಲಿಲ್ಲ. ಅರ್ಧ ಚೆಲ್ಲಿತು, ಅರ್ಧ ಬಾಯಿಗೆ ಹೋಯಿತು. ಅಣ್ಣ ಪಕ್ಕದಲ್ಲೇ ಕೂತು ನೋಡುತ್ತಿದ್ದ. ಅಮ್ಮ ನುಂಗಿ ನನ್ನತ್ತ ತಿರುಗಿದಳು.

"ಉಪ್ಪೇ ಹಾಕಿಲ್ವಲ್ಲೇ! ಯಾರೇ ನಿಂಗೆ ಅಡುಗೆ ಕಲಿಸಿದ್ದು?"

ಬೈಸಿಕೊಂಡು ಅಷ್ಟು ಸಂತೋಷ ನನಗೆಂದೂ ಆಗಿರಲಿಲ್ಲ.

"ನೀನೇ ಕಣಮ್ಮ," ಎಂದೆ. ಅಣ್ಣ ಆಗಲೇ ಉಪ್ಪು ತರಲು ಎದ್ದಿದ್ದ.